ಮಾಫಿಯಾ ಗೇಮ್‌ಗಳಲ್ಲಿ ಎಷ್ಟು ನಿಜ, ಎಷ್ಟು ಆಟ? ಪದೇ ಪದೇ ಕೇಳುವ ಪ್ರಶ್ನೆಗಳು

ಭೂಗತ ಲೋಕದ ಓಪನ್ ವರ್ಲ್ಡ್ ಗೇಮ್‌ಗಳ, ಅಂದರೆ ಇಡೀ ನಗರದಲ್ಲಿ ಮನಸ್ಸು ಬಂದ ಕಡೆ ಓಡಾಡಬಹುದಾದ ಗೇಮ್‌ಗಳ ಬಗ್ಗೆ ಮಾತು ಬಂದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಪತ್ರದಲ್ಲಿ, ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದಾರೆ. ಅವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಕಥೆಗಳ ಕೊನೆಯನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ. ನಡುವಿನ ಒಂದೆರಡು ಸಂಗತಿ ಮಾತ್ರ ಹೇಳಲೇಬೇಕಾಯಿತು.

## ಹೊಸಬರ ಪ್ರಶ್ನೆಗಳು

ಮಾಫಿಯಾ ಗೇಮ್ ಅಂದ್ರೆ ಜಿಟಿಎ ತಾನೇ? ಬೇರೆ ಇನ್ನೇನಿದೆ?

ನಮ್ಮ ಕಡೆ ಹಾಗೆ ಅನ್ನಿಸುವುದು ಸಹಜ. ಜಿಟಿಎ, ಅಂದರೆ ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ 2002ರ ವೈಸ್ ಸಿಟಿ ಇಲ್ಲಿನ ಸೈಬರ್ ಕೆಫೆಗಳಲ್ಲಿ ವರ್ಷಗಟ್ಟಲೆ ಓಡಿತು. ಕಥೆ ಏನೆಂದು ಗೊತ್ತಿಲ್ಲದ ಹುಡುಗರಿಗೂ 'ಪ್ಯಾಂಜರ್' ಎಂದು ಟೈಪ್ ಮಾಡಿದರೆ ಟ್ಯಾಂಕ್ ಬೀಳುತ್ತದೆ, 'ಲೀವ್ ಮಿ ಅಲೋನ್' ಎಂದು ಒತ್ತಿದರೆ ಪೊಲೀಸರು ಮರೆತುಬಿಡುತ್ತಾರೆ ಎನ್ನುವುದು ಬಾಯಿಪಾಠವಾಗಿತ್ತು.

ಆದರೆ ಅದೇ 2002ರಲ್ಲಿ ಚೆಕ್ ದೇಶದ ಬರ್ನೊ ಎಂಬ ಊರಿನಿಂದ 'ಮಾಫಿಯಾ' ಬಂತು. ಮಾಡಿದವರು ಇಲ್ಯೂಷನ್ ಸಾಫ್ಟ್‌ವರ್ಕ್ಸ್. 2005ರಲ್ಲಿ ಜಪಾನಿನ ಸೆಗಾ 'ಯಾಕುಜಾ' ಶುರುಮಾಡಿತು. 2012ರಲ್ಲಿ ಕೆನಡಾದ ವ್ಯಾಂಕೂವರ್‌ನಿಂದ ಹಾಂಗ್‌ಕಾಂಗ್‌ನ ಕಥೆ 'ಸ್ಲೀಪಿಂಗ್ ಡಾಗ್ಸ್' ಬಂತು. ಇವೆಲ್ಲ ಒಂದೇ ಗುಂಪಿನವು ಎಂದು ಕಂಡರೂ ಆಡುವ ಅನುಭವ ಪೂರ್ತಿ ಬೇರೆ.

ತಮಾಷೆ ನೋಡಿ. ಜಿಟಿಎ ಹುಟ್ಟಿದ್ದು ಸ್ಕಾಟ್ಲೆಂಡಿನ ಡಂಡೀಯಲ್ಲಿ, 1997ರಲ್ಲಿ. ಮಾಫಿಯಾ ಚೆಕ್ ದೇಶದ್ದು. ಅಮೆರಿಕದ ಪಾತಕಿಗಳ ಮೇಲಿನ ಎರಡು ಹೆಸರಾಂತ ಸರಣಿಗಳೂ ಅಮೆರಿಕದವರ ಕೈಯಲ್ಲಿ ಹುಟ್ಟಲಿಲ್ಲ. ಅವುಗಳಲ್ಲಿ ಕಾಣುವುದು ಬಹುಪಾಲು ಸಿನಿಮಾ ನೋಡಿ ಕಟ್ಟಿಕೊಂಡ ಅಮೆರಿಕ.

ಯಾವುದರಿಂದ ಶುರು ಮಾಡಲಿ? ನನ್ನ ಲ್ಯಾಪ್‌ಟಾಪ್ ಸ್ವಲ್ಪ ಹಳೇದು.

ಹಳೇ ಲ್ಯಾಪ್‌ಟಾಪ್ ಆದರೆ ಸ್ಲೀಪಿಂಗ್ ಡಾಗ್ಸ್. ಮೆಷಿನ್ ಗಟ್ಟಿಯಾಗಿದ್ದರೆ 2020ರ 'ಮಾಫಿಯಾ: ಡೆಫಿನಿಟಿವ್ ಎಡಿಷನ್'. ಅದು 2002ರ ಕಥೆಯನ್ನೇ ಹೊಸದಾಗಿ ಕಟ್ಟಿದ್ದು. ಜಿಟಿಎ 5ರಿಂದ ಶುರು ಮಾಡಬೇಡಿ ಎನ್ನುತ್ತೇನೆ. ಅದು ಎಲ್ಲವನ್ನೂ ಧಾರಾಳವಾಗಿ ಕೊಡುತ್ತದೆ. ಅಲ್ಲಿಂದ ಬಂದವರಿಗೆ ಉಳಿದ ಗೇಮ್‌ಗಳು ಜಿಪುಣ ಎನ್ನಿಸಿಬಿಡುತ್ತವೆ.

ನನ್ನ ಮಗನಿಗೆ ಹನ್ನೆರಡು ವರ್ಷ. ಫ್ರೆಂಡ್ಸ್ ಎಲ್ಲಾ ಆಡ್ತಾರೆ ಅಂತಾನೆ. ಕೊಡಿಸಬಹುದಾ?

ಬೇಡ. ಯುರೋಪಿನಲ್ಲಿ ಈ ಗೇಮ್‌ಗಳಿಗೆ 18 ವರ್ಷದ ಗುರುತು ಇದೆ, ಅಮೆರಿಕದಲ್ಲಿ 17. ಅದು ಸುಮ್ನೆ ಅಂಟಿಸಿದ ಚೀಟಿ ಅಲ್ಲ. ರಕ್ತಕ್ಕಿಂತ ಹೆಚ್ಚಾಗಿ ಹೆಂಗಸರನ್ನು ತೋರಿಸುವ ರೀತಿ, ಡ್ರಗ್ಸ್ ವ್ಯವಹಾರ, ಚಿತ್ರಹಿಂಸೆಯ ದೃಶ್ಯಗಳು ಇವುಗಳಲ್ಲಿವೆ. ಜಿಟಿಎ 5ರ ಒಂದು ಮಿಷನ್‌ನಲ್ಲಿ ಚಿತ್ರಹಿಂಸೆ ಕೊಡುವ ಗುಂಡಿಗಳನ್ನು ಆಟಗಾರನೇ ಒತ್ತಬೇಕು. ದೊಡ್ಡವರಿಗೇ ಅದು ಕಷ್ಟ. ಫ್ರೆಂಡ್ಸ್ ಮನೆಯಲ್ಲಿ ಆಗಲೇ ಆಡಿದ್ದಾನೆ ಎಂದಾದರೆ ಬೈಯುವುದಕ್ಕಿಂತ ಜೊತೆಗೆ ಕೂತು ಏನು ನೋಡಿದ ಎಂದು ಕೇಳಿ.

ರಿಯಲಿಸ್ಟಿಕ್ ಅಂದ್ರೆ ಗ್ರಾಫಿಕ್ಸ್ ಚೆನ್ನಾಗಿರೋದು, ಅಲ್ವಾ?

ಗ್ರಾಫಿಕ್ಸ್ ಬೇಗ ಹಳತಾಗುತ್ತದೆ. 2008ರಲ್ಲಿ ಬಾಯಿಬಿಟ್ಟು ನೋಡಿದ ಜಿಟಿಎ 4 ಈಗ ಮಂಕಾಗಿ ಕಾಣುತ್ತದೆ. ಆದರೆ ಅದರಲ್ಲಿ ಕುಡಿದು ಬಾರಿನಿಂದ ಹೊರಬಂದ ನಾಯಕ ನೀಕೋ ತೂರಾಡಿ ಬೀಳುವ ರೀತಿ ಇವತ್ತಿಗೂ ನಂಬುವಂತಿದೆ.

ನಾನು ನೋಡುವುದು ಬೇರೆ: ಈ ಗೇಮ್ ನನ್ನಿಂದ ಏನು ಕಿತ್ತುಕೊಳ್ಳುತ್ತದೆ? ನಿಜ ಜೀವನದಲ್ಲಿ ಪ್ರತಿಯೊಂದಕ್ಕೂ ಏನಾದರೂ ಕಳೆದುಕೊಳ್ಳಬೇಕು. ಸಮಯ, ದುಡ್ಡು, ಮುಖ ಎತ್ತಿ ಓಡಾಡುವ ಸ್ವಾತಂತ್ರ್ಯ, ಹೀಗೆ ಏನಾದರೂ. ಗೇಮ್ ಅದರಲ್ಲಿ ಯಾವುದನ್ನು ವಸೂಲಿ ಮಾಡುತ್ತದೆ, ಯಾವುದನ್ನು ಮನ್ನಾ ಮಾಡುತ್ತದೆ ಎಂದು ನೋಡಿದರೆ ಅದು ಯಾವುದನ್ನು ನಿಜ ಎಂದುಕೊಂಡಿದೆ ಎನ್ನುವುದು ಗೊತ್ತಾಗುತ್ತದೆ. ಹಳೇ ಮಾಫಿಯಾದಲ್ಲಿ ಬಂದೂಕಿನ ಅರ್ಧ ಖಾಲಿಯಾದ ಮ್ಯಾಗಜಿನ್ ಬದಲಿಸಿದರೆ ಉಳಿದ ಗುಂಡುಗಳು ಹೋದಂತೆಯೇ. ಕಾರಿನ ಪೆಟ್ರೋಲ್ ಮುಗಿಯುತ್ತದೆ. ಹೊಸ ಮಾದರಿ ಕಾರನ್ನು ಕದಿಯಬೇಕಾದರೆ ಗ್ಯಾರೇಜಿನ ರಾಲ್ಫ್ ಮೊದಲು ಅದರ ಬೀಗ ತೆಗೆಯುವುದನ್ನು ಹೇಳಿಕೊಡಬೇಕು. ಪರದೆಯ ಮೇಲಿನ ಚಿತ್ರ ಒರಟು. ಆದರೂ ಬೇರೆ ಎಷ್ಟೋ ಹೊಸ ಗೇಮ್‌ಗಳಿಗಿಂತ ಅದು ನಿಜ ಅನ್ನಿಸುತ್ತದೆ.

## ಆಡುತ್ತಾ ಆಡುತ್ತಾ ಬರುವ ಪ್ರಶ್ನೆಗಳು

ಹಳೇ ಮಾಫಿಯಾದಲ್ಲಿ ಸಿಗ್ನಲ್ ಜಂಪ್ ಮಾಡಿದ್ರೂ ಪೊಲೀಸ್ ಹಿಡೀತಾನೆ. ಗ್ಯಾಂಗ್‌ಸ್ಟರ್ ಆಗಿ ಫೈನ್ ಕಟ್ಟೋದಾ?

ಹೌದು, ಕಟ್ಟಬೇಕು. ಊರಿನೊಳಗೆ ಗಂಟೆಗೆ 40 ಮೈಲಿ ಮಿತಿ, ಅಂದರೆ ಸುಮಾರು 64 ಕಿಲೋಮೀಟರ್. ಅದನ್ನು ದಾಟಿದರೆ, ಕೆಂಪು ದೀಪ ಹಾರಿದರೆ, ಯಾರಿಗಾದರೂ ಗುದ್ದಿದರೆ ಪೊಲೀಸ್ ಕಾರು ಹಿಂದೆ ಬರುತ್ತದೆ. ನಿಲ್ಲಿಸಿದರೆ ದಂಡ. ನಿಲ್ಲಿಸದೆ ಓಡಿದರೆ ವಿಷಯ ದೊಡ್ಡದಾಗುತ್ತದೆ. ವೇಗ ಮಿತಿ ದಾಟದಂತೆ ಕಾರನ್ನು ಹಿಡಿದಿಡುವ ಒಂದು ಗುಂಡಿಯೂ ಇದೆ. ಗೇಮ್ ಮಾಡಿದವರಿಗೆ ತಾವು ಆಟಗಾರನನ್ನು ಎಷ್ಟು ಕಾಡುತ್ತಿದ್ದೇವೆ ಎನ್ನುವುದು ಚೆನ್ನಾಗಿ ಗೊತ್ತಿತ್ತು ಎನ್ನುವುದಕ್ಕೆ ಆ ಗುಂಡಿಯೇ ಸಾಕ್ಷಿ.

ಇದು ಬೋರ್ ಎನ್ನುವವರ ಜೊತೆ ನಾನು ಜಗಳ ಆಡುವುದಿಲ್ಲ. 1930ರ ಕಾಲದ ಕಾರು, ಸೇತುವೆ ಹತ್ತಲು ಏದುಸಿರು ಬಿಡುತ್ತದೆ. ಆದರೆ ನಾಯಕ ಟಾಮಿ ಆಂಜೆಲೊ ಮೊದಲು ಟ್ಯಾಕ್ಸಿ ಓಡಿಸುತ್ತಿದ್ದವನು. ರಸ್ತೆಯ ನಿಯಮಕ್ಕೆ ತಲೆಬಾಗುವುದು ಅವನ ಹೊಟ್ಟೆಪಾಡು. ಡಾನ್ ಸಲಿಯೇರಿಯ ಕಡೆ ಸೇರಿದ ಮೇಲೂ ಅವನು ಜನರ ಕಣ್ಣಿಗೆ ಸಾಮಾನ್ಯನಂತೆ ಕಾಣಲೇಬೇಕು. ಡಿಕ್ಕಿಯಲ್ಲಿ ಹೆಣ ಇಟ್ಟುಕೊಂಡು ಕೆಂಪು ದೀಪಕ್ಕೆ ಕಾಯುವಾಗ ಆಗುವ ಪುಕಪುಕ, ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಹಾರುವಾಗ ಆಗುವುದಿಲ್ಲ. 2020ರ ಆವೃತ್ತಿಯಲ್ಲಿ ಈ ಪೊಲೀಸ್ ಕಾಟವನ್ನು ಸೆಟ್ಟಿಂಗ್‌ನಲ್ಲಿ ಜಾಸ್ತಿ ಕಮ್ಮಿ ಮಾಡಿಕೊಳ್ಳಬಹುದು. ಜಾಸ್ತಿ ಮಾಡಿಯೇ ಆಡಿ.

ಆ ರೇಸ್ ಮಿಷನ್ ದಾಟೋಕೆ ಆಗ್ತಾನೇ ಇಲ್ಲ. ಏನಾದ್ರೂ ದಾರಿ ಇದೆಯಾ?

ಇಪ್ಪತ್ತು ವರ್ಷದಿಂದ ಎಲ್ಲರೂ ಇದನ್ನೇ ಕೇಳುತ್ತಿದ್ದಾರೆ. 2002ರ ಗೇಮ್‌ಗೆ ಆಮೇಲೆ ಬಂದ ಪ್ಯಾಚ್‌ನಲ್ಲಿ ರೇಸನ್ನು ಸುಲಭ ಮಾಡಿಕೊಳ್ಳುವ ಆಯ್ಕೆ ಇದೆ, ಅದನ್ನು ಹಾಕಿಕೊಳ್ಳಿ. ತಿರುವಿಗೆ ಬರುವ ಮೊದಲೇ, ನೇರ ರಸ್ತೆಯಲ್ಲೇ ಬ್ರೇಕ್ ಒತ್ತಿ. ತಿರುವಿನ ನಡುವೆ ಒತ್ತಿದರೆ ಕಾರು ಸುತ್ತಿಕೊಳ್ಳುತ್ತದೆ.

ಮಾಫಿಯಾ 2ರಲ್ಲಿ ಅಷ್ಟು ದೊಡ್ಡ ಸಿಟಿ ಇದೆ, ಆದರೆ ಮಾಡೋಕೆ ಏನೂ ಇಲ್ವಲ್ಲ?

2010ರಲ್ಲಿ ಬಂದಾಗಲೂ ವಿಮರ್ಶಕರು ಇದನ್ನೇ ಹೇಳಿದರು. ಎಂಪೈರ್ ಬೇ ನಗರ ಓಡಾಡಲು ಇದೆ. ಮ್ಯಾಪ್ ತುಂಬ ಐಕಾನ್‌ಗಳಿಲ್ಲ. ಅಲ್ಲಿ ನಗರ ಆಟದ ಮೈದಾನವಾಗಿ ಬಂದಿಲ್ಲ, ಕಥೆಯ ಹಿನ್ನೆಲೆಯಾಗಿ ಬಂದಿದೆ. 1945ರ ಚಳಿಗಾಲದಲ್ಲಿ ಹಿಮದ ರಸ್ತೆ ಮೇಲೆ ಟೈರ್ ಜಾರುತ್ತದೆ. 1951ಕ್ಕೆ ಬಂದರೆ ಅದೇ ರಸ್ತೆಯಲ್ಲಿ ಬಿಸಿಲು, ಹೊಸ ಮಾದರಿಯ ಕಾರುಗಳು, ರೇಡಿಯೋದಲ್ಲಿ ಬೇರೆ ಹಾಡು. ನಡುವಿನ ವರ್ಷಗಳು ಎಲ್ಲಿ ಹೋದವು ಎನ್ನುವುದೇ ಕಥೆಯ ಗಟ್ಟಿ ಏಟು. ಯುದ್ಧಕಾಲದ ಪೆಟ್ರೋಲ್ ರೇಷನ್ ಚೀಟಿಗಳನ್ನು ಕದ್ದು ಮಾರಿದ್ದಕ್ಕೆ ನಾಯಕ ವೀಟೋ ಜೈಲಿಗೆ ಹೋಗುತ್ತಾನೆ.

ಬಂದರಿನಲ್ಲಿ ಪೆಟ್ಟಿಗೆ ಹೊರುವ ಭಾಗ ನೆನಪಿದೆಯಾ? ಮನೆಯ ಮೇಲೆ ಅಪ್ಪ ಬಿಟ್ಟುಹೋದ 2,000 ಡಾಲರ್ ಸಾಲ. ದಿನದ ಕೂಲಿ 10 ಡಾಲರ್. ಆಟಗಾರ ಒಂದೊಂದೇ ಪೆಟ್ಟಿಗೆ ಎತ್ತಿ ಲಾರಿಗೆ ಇಡಬೇಕು. ಬೇಸರ ಬಂದು ಅರ್ಧಕ್ಕೆ ಬಿಟ್ಟರೂ ಗೇಮ್ ತಡೆಯುವುದಿಲ್ಲ. ಹುಡುಗರು ಯಾಕೆ ದಾರಿ ತಪ್ಪುತ್ತಾರೆ ಎಂದು ಯಾರೂ ಅಲ್ಲಿ ಭಾಷಣ ಮಾಡುವುದಿಲ್ಲ. ನಿಮ್ಮ ಬೇಸರವೇ ಅದನ್ನು ಹೇಳುತ್ತದೆ. ಇಡೀ ಸರಣಿಯಲ್ಲಿ ನನಗೆ ಬಹಳ ಇಷ್ಟವಾದ ಜಾಗ ಅದು.

ಪೊಲೀಸರ ವಿಷಯದಲ್ಲಿ ಯಾವ ಗೇಮ್ ನಿಜಕ್ಕೆ ಹತ್ತಿರ?

ಜಿಟಿಎ ಅಂತೂ ಅಲ್ಲ. ಅದು ನಿಜವಾಗಬೇಕು ಎಂದು ಹೊರಟದ್ದೂ ಅಲ್ಲ. ಮೊದಲ ಜಿಟಿಎ ತಯಾರಾಗುತ್ತಿದ್ದಾಗ ಅದರ ಹೆಸರು 'ರೇಸ್ ಎನ್ ಚೇಸ್'. ಪ್ರೋಗ್ರಾಮಿನ ಒಂದು ದೋಷದಿಂದಾಗಿ ಪೊಲೀಸ್ ಕಾರುಗಳು ಹುಚ್ಚು ಹಿಡಿದಂತೆ ಆಟಗಾರನಿಗೆ ಗುದ್ದತೊಡಗಿದವು. ಪರೀಕ್ಷೆ ಮಾಡುತ್ತಿದ್ದವರಿಗೆ ಅದೇ ಮಜಾ ಅನ್ನಿಸಿತು, ಹಾಗೇ ಉಳಿಸಿಕೊಂಡರು. ಪೊಲೀಸರು ಎಷ್ಟು ಬೆನ್ನು ಹತ್ತಿದ್ದಾರೆ ಎಂದು ತೋರಿಸುವ ನಕ್ಷತ್ರ ಏರುವುದು, ಕಾರಿನ ಬಣ್ಣ ಬದಲಿಸಿದರೆ ಪೊಲೀಸರು ಮರೆತುಬಿಡುವುದು ಎಲ್ಲವೂ ಆ ಹುಚ್ಚಾಟದ ಮುಂದುವರಿಕೆ.

ಮಾಫಿಯಾ 2 ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಪೊಲೀಸರು ನಿಮ್ಮ ಮುಖ ಮತ್ತು ಬಟ್ಟೆಯನ್ನು ಬೇರೆ, ಕಾರಿನ ನಂಬರ್ ಪ್ಲೇಟನ್ನು ಬೇರೆ ನೆನಪಿಟ್ಟುಕೊಳ್ಳುತ್ತಾರೆ. ಪ್ಲೇಟ್ ಬದಲಿಸಿದರೂ ಬಟ್ಟೆ ಅದೇ ಇದ್ದರೆ ಸಿಕ್ಕಿಬೀಳುತ್ತೀರಿ. ಫೋನ್ ಮಾಡಿ ಲಂಚ ಕೊಟ್ಟು ಮುಗಿಸುವ ದಾರಿಯೂ ಇದೆ.

ನನ್ನ ಪ್ರಕಾರ ಗೆದ್ದದ್ದು 2016ರ ಮಾಫಿಯಾ 3. ಕಾಲ 1968, ಊರು ನ್ಯೂ ಆರ್ಲಿಯನ್ಸ್ ಮಾದರಿಯ ನ್ಯೂ ಬೋರ್ಡೋ, ನಾಯಕ ಲಿಂಕನ್ ಕ್ಲೇ ಕರಿಯ. ಬಿಳಿಯ ಶ್ರೀಮಂತರ ಬಡಾವಣೆಯಲ್ಲಿ ಏನಾದರೂ ಮಾಡಿದರೆ ಪೊಲೀಸರು ಕೂಡಲೇ ಹಾಜರ್. ಕರಿಯರ ಬಡ ಕೇರಿಯಲ್ಲಿ ಅದೇ ಅಪರಾಧಕ್ಕೆ ನಿಧಾನಕ್ಕೆ ಬರುತ್ತಾರೆ, ಬಂದರೆ. ಕೆಲವು ಅಂಗಡಿಗೆ ಸುಮ್ಮನೆ ಕಾಲಿಟ್ಟರೂ ಮಾಲೀಕ ಹೊರಗೆ ಹೋಗು ಎನ್ನುತ್ತಾನೆ, ಹೋಗದಿದ್ದರೆ ಪೊಲೀಸರನ್ನು ಕರೆಯುತ್ತಾನೆ. ಏನೂ ತಪ್ಪು ಮಾಡಿರುವುದಿಲ್ಲ. ಆ ಕಾಲದ ಅಮೆರಿಕವನ್ನು ಆಟದ ನಿಯಮದಲ್ಲೇ ಹೀಗೆ ಬರೆದ ಇನ್ನೊಂದು ದೊಡ್ಡ ಗೇಮ್ ನಾನು ಆಡಿಲ್ಲ. ಇಷ್ಟು ಒಳ್ಳೆಯ ಯೋಚನೆಯ ಮೇಲೆ ಒಂದೇ ತರದ ಮಿಷನ್‌ಗಳನ್ನು ರಾಶಿ ಹಾಕಿ ಕೆಡಿಸಿಕೊಂಡರು ಎನ್ನುವುದು ಬೇರೆ ಸಂಕಟ.

ಜಿಟಿಎ 4ರ ಕಾರುಗಳು ದೋಣಿ ತರ ತೇಲ್ತಾವೆ. ಇದು ರಿಯಲಿಸ್ಟಿಕ್ಕಾ?

ಅರ್ಧ. ಅಮೆರಿಕದ ಹಳೇ ದೊಡ್ಡ ಕಾರುಗಳು ತಿರುವಿನಲ್ಲಿ ವಾಲುವುದು ನಿಜ. ಆ ಭಾರವನ್ನು ಜಿಟಿಎ 4 ಸ್ವಲ್ಪ ಅತಿ ಮಾಡಿ ತೋರಿಸಿತು. ದೂರು ಜಾಸ್ತಿ ಬಂದವು, ಜಿಟಿಎ 5ರಲ್ಲಿ ಕಾರುಗಳು ರಸ್ತೆಗೆ ಅಂಟಿಕೊಂಡವು. ಕೀಬೋರ್ಡ್ ಬಿಟ್ಟು ಕಂಟ್ರೋಲರ್ ಹಿಡಿದರೆ 4ರ ಕಾರುಗಳ ಮೇಲೆ ಪ್ರೀತಿ ಬರುತ್ತದೆ. ಇನ್ನೊಂದು ಸಣ್ಣ ವಿಷಯ: ಸ್ಲೀಪಿಂಗ್ ಡಾಗ್ಸ್‌ನ ಹಾಂಗ್‌ಕಾಂಗ್‌ನಲ್ಲಿ ಗಾಡಿಗಳು ನಮ್ಮಂತೆ ರಸ್ತೆಯ ಎಡಗಡೆ ಓಡುತ್ತವೆ. ಅಮೆರಿಕದ ಗೇಮ್‌ಗಳಲ್ಲಿ ಅಭ್ಯಾಸಬಲದಿಂದ ಎದುರು ಗಾಡಿಗೆ ಗುದ್ದಿ ಸಾಕಾದವರಿಗೆ ಅಲ್ಲಿ ಹಾಯೆನಿಸುತ್ತದೆ.

ಸ್ಲೀಪಿಂಗ್ ಡಾಗ್ಸ್‌ನಲ್ಲಿ ಗನ್ನೇ ಸಿಗಲ್ಲ. ಯಾಕೆ ಹೀಗೆ?

ಹಾಂಗ್‌ಕಾಂಗ್‌ನಲ್ಲಿ ಬಂದೂಕು ಕಾನೂನು ಬಹಳ ಬಿಗಿ. ಬೀದಿ ಜಗಳಕ್ಕೆ ಅಲ್ಲಿ ಕೈಕಾಲು, ಮಚ್ಚು. ಹಾಗಾಗಿ ಕಥೆಯ ಮೊದಲ ಭಾಗದಲ್ಲಿ ಗನ್ ಅಪರೂಪ. ಬಂದಾಗ ಮಾತ್ರ ಎದೆ ಝಲ್ಲೆನ್ನುತ್ತದೆ. ಕೊನೆಕೊನೆಗೆ ಅದೂ ಎಲ್ಲ ಗೇಮ್‌ಗಳಂತೆ ಢಂ ಢಂ ಎಂದು ಹೊರಟುಬಿಡುತ್ತದೆ. ಆ ಭಾಗ ನನಗೆ ಅಷ್ಟಕ್ಕಷ್ಟೆ.

ಅದರ ಜಾಣತನ ಇರುವುದು ಅಂಕ ಎಣಿಸುವುದರಲ್ಲಿ. ನಾಯಕ ವೇ ಶೆನ್, ಟ್ರಯಾಡ್ ಎಂಬ ಅಲ್ಲಿನ ಪಾತಕಿ ಗ್ಯಾಂಗಿನೊಳಗೆ ವೇಷ ಮರೆಸಿಕೊಂಡಿರುವ ಪೊಲೀಸ್. ಒಂದೇ ಮಿಷನ್‌ನಲ್ಲಿ ಎರಡು ಲೆಕ್ಕ ನಡೆಯುತ್ತದೆ. ಎಷ್ಟು ಕ್ರೂರವಾಗಿ ಹೊಡೆದೆ ಎಂದು ಟ್ರಯಾಡ್ ಅಂಕ ಏರುತ್ತದೆ. ದಾರಿಹೋಕರಿಗೆ ಏಟಾದರೆ, ಆಸ್ತಿ ಹಾಳಾದರೆ ಪೊಲೀಸ್ ಅಂಕ ಇಳಿಯುತ್ತದೆ. ಎರಡು ದೋಣಿಯ ಮೇಲೆ ಕಾಲಿಟ್ಟವನ ಪಾಡನ್ನು ಮಾತಿಲ್ಲದೆ ತೋರಿಸಿಬಿಡುತ್ತದೆ.

ಯಾಕುಜಾದಲ್ಲಿ ಕಾರೇ ಓಡಿಸೋ ಹಾಗಿಲ್ಲ, ಮ್ಯಾಪ್ ನಾಲ್ಕು ಬೀದಿ. ಇದನ್ನೂ ಓಪನ್ ವರ್ಲ್ಡ್ ಅಂತಾರಾ?

ಹೆಸರು ಏನಾದರೂ ಇಟ್ಟುಕೊಳ್ಳಿ. ಕಾಮುರೋಚೊ ಎನ್ನುವ ಆ ಬಡಾವಣೆ ಟೋಕಿಯೋದ ಕಾಬುಕಿಚೊವನ್ನು ನೋಡಿ ಮಾಡಿದ್ದು. ಚಿಕ್ಕದಾಗಿರುವುದೇ ಅದರ ಬಲ. ಒಂದೇ ಓಣಿಯನ್ನು ಗೇಮ್‌ನಿಂದ ಗೇಮ್‌ಗೆ, ವರ್ಷದಿಂದ ವರ್ಷಕ್ಕೆ ಬದಲಾಗುವುದನ್ನು ನೋಡುತ್ತೀರಿ. ಯಾವ ಮೂಲೆಯಲ್ಲಿ ಯಾವ ಹೋಟೆಲ್ ಎಂದು ಮ್ಯಾಪ್ ನೋಡದೆ ಹೇಳುವಂತಾಗುತ್ತೀರಿ. ಜಿಟಿಎ 5ರ ಮ್ಯಾಪ್ ನೂರಾರು ಗಂಟೆ ಆಡಿದವರಿಗೂ ಅಷ್ಟು ಪರಿಚಯವಾಗುವುದಿಲ್ಲ.

'ಯಾಕುಜಾ 0' ಕಥೆ 1988ರದ್ದು. ಜಪಾನಿನಲ್ಲಿ ಜಮೀನಿನ ಬೆಲೆ ಆಕಾಶಕ್ಕೆ ಏರಿದ್ದ ಕಾಲ. ಇಡೀ ಕಥೆ ಸುತ್ತುವುದು ಒಂದು ಪುಟ್ಟ ಖಾಲಿ ಸೈಟಿನ ಸುತ್ತ. ಆ ಕಾಲದಲ್ಲಿ ಜಾಗ ಬಿಡದವರನ್ನು ಹೆದರಿಸಿ ಎಬ್ಬಿಸುವ ಕೆಲಸಕ್ಕೆ ಯಾಕುಜಾಗಳನ್ನು, ಅಂದರೆ ಅಲ್ಲಿನ ಪಾತಕಿ ಗುಂಪಿನವರನ್ನು ಬಳಸುತ್ತಿದ್ದದ್ದು ಇತಿಹಾಸ. ಬೆಂಗಳೂರಿನಲ್ಲಿ ಸೈಟ್ ವ್ಯಾಜ್ಯ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ನಿಜದ ಪಕ್ಕದಲ್ಲೇ ಏಟು ತಿಂದವರ ಮೈಯಿಂದ ನೋಟುಗಳು ಚಿಮ್ಮುತ್ತವೆ. ನಾಯಕ ಕಿರ್ಯು ಬೈಸಿಕಲ್ ಎತ್ತಿ ತಲೆಗೆ ಬಾರಿಸುತ್ತಾನೆ, ಆದರೂ ಅವನು ಯಾರನ್ನೂ ಕೊಂದಿಲ್ಲ ಎಂದು ನಾವು ನಂಬಬೇಕು!

## ಇನ್ನೂ ಒಳಗೆ ಹೋಗುವವರಿಗೆ

ನಿಜವಾದ ಮಾಫಿಯಾ ಹೀಗೇ ಇರುತ್ತಾ? ದಿನಾ ಗುಂಡಿನ ಸದ್ದು?

ಇಲ್ಲ. ಗೇಮ್‌ಗಳ ಅತಿ ದೊಡ್ಡ ಸುಳ್ಳು ಹೆಣಗಳ ಸಂಖ್ಯೆ. 1929ರಲ್ಲಿ ಶಿಕಾಗೋದಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಕೊಂದದ್ದು ಇಂದಿಗೂ ಇತಿಹಾಸದ ಪುಸ್ತಕದಲ್ಲಿದೆ. ಗೇಮ್‌ನ ಒಂದು ಗೋದಾಮಿನ ಮಿಷನ್‌ನಲ್ಲಿ ಅದಕ್ಕಿಂತ ಜಾಸ್ತಿ ಜನ ಬೀಳುತ್ತಾರೆ. ಹೆಣ ಬಿದ್ದರೆ ಪತ್ರಿಕೆ ಬರುತ್ತದೆ, ಪೊಲೀಸ್ ಬರುತ್ತದೆ, ವ್ಯಾಪಾರ ನಿಲ್ಲುತ್ತದೆ. ಹಾಗಾಗಿ ಸಂಘಟಿತ ಅಪರಾಧಕ್ಕೆ ಸದ್ದಿಲ್ಲದ ದಿನವೇ ಒಳ್ಳೆಯ ದಿನ.

ಅದರ ಅಸಲು ಕಸುಬು ಹೆದರಿಕೆಯನ್ನು ತಿಂಗಳ ಬಾಬ್ತಾಗಿ ಮಾರುವುದು. ಇಟಲಿಯ ಸಿಸಿಲಿ ದ್ವೀಪದಲ್ಲಿ ಅಂಗಡಿಯವರು ಕಟ್ಟುವ ಈ ಹಫ್ತಾವನ್ನು ಪಿಜ್ಜೊ ಎನ್ನುತ್ತಾರೆ. ಪಲೆರ್ಮೊದ ಉಡುಪು ಕಾರ್ಖಾನೆಯ ಮಾಲೀಕ ಲೀಬೆರೊ ಗ್ರಾಸ್ಸಿ, ಕಟ್ಟುವುದಿಲ್ಲ ಎಂದು 1991ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು. ಆಗಸ್ಟ್‌ನಲ್ಲಿ ಅವರನ್ನು ಕೊಂದರು. 2004ರಲ್ಲಿ ಅದೇ ಊರಿನ ಯುವಕರು 'ಅದ್ದಿಯೋಪಿಜ್ಜೊ' ಚಳವಳಿ ಶುರುಮಾಡಿದರು. ಹಫ್ತಾ ಕಟ್ಟದ ಅಂಗಡಿಗಳನ್ನು ಗುರುತಿಸಿ ಅಲ್ಲೇ ಕೊಳ್ಳಿ ಎಂದರು. ಈ ಅಂಗಡಿಯವನ ಕಡೆಯಿಂದ ಕಥೆ ಹೇಳಿದ ದೊಡ್ಡ ಓಪನ್ ವರ್ಲ್ಡ್ ಗೇಮ್ ನನ್ನ ಕಣ್ಣಿಗೆ ಬಿದ್ದಿಲ್ಲ.

2006ರ 'ದಿ ಗಾಡ್‌ಫಾದರ್' ಗೇಮ್ ಹತ್ತಿರ ಬಂದಿತ್ತು. ಅಂಗಡಿಯವನನ್ನು ಹೆದರಿಸಲು ಒಂದು ಮೀಟರ್ ಇದೆ. ಕಮ್ಮಿ ಒತ್ತಿದರೆ ದುಡ್ಡು ಬರುವುದಿಲ್ಲ, ಅತಿಯಾದರೆ ತಿರುಗಿಬೀಳುತ್ತಾನೆ. ಒಬ್ಬನಿಗೆ ಗಾಜು ಒಡೆದರೆ ಭಯ, ಇನ್ನೊಬ್ಬನಿಗೆ ಕಾಲರ್ ಹಿಡಿಯಬೇಕು. ಅಳತೆ ತಪ್ಪದಂತೆ ಹೆದರಿಸುವುದೇ ಈ ದಂಧೆಯ ಕೌಶಲ ಎಂದು ಅದು ಅರ್ಥಮಾಡಿಕೊಂಡಿತ್ತು. ಆಡುವಾಗ ಸ್ವಲ್ಪ ಹೇಸಿಗೆಯೂ ಆಗುತ್ತದೆ, ಆಗಬೇಕಾದ್ದೇ.

ಇನ್ನೊಂದು ಕಾಣೆಯಾಗಿರುವ ವಸ್ತು ಲೆಕ್ಕದ ಪುಸ್ತಕ. ಶಿಕಾಗೋದ ಡಾನ್ ಅಲ್ ಕಪೋನೆಯನ್ನು 1931ರಲ್ಲಿ ಜೈಲಿಗೆ ಕಳಿಸಿದ್ದು ಆದಾಯ ತೆರಿಗೆ ವಂಚನೆಯ ಕೇಸ್. ಶಿಕ್ಷೆ 11 ವರ್ಷ. ಮೊದಲ ಮಾಫಿಯಾದಲ್ಲಿ ಲೆಕ್ಕದ ಪುಸ್ತಕಗಳ ಸುತ್ತ ಒಂದು ಮಿಷನ್ ಇದೆ. ಡಾನ್‌ಗೆ ಬಂದೂಕಿಗಿಂತ ಅವುಗಳ ಭಯ ಜಾಸ್ತಿ. ಬರ್ನೊದವರು ಓದಿಕೊಂಡೇ ಬರೆದಿದ್ದರು.

ಕಥೆಯಲ್ಲಿ ನೀಕೋ ಮನಸ್ಸು ಕರಗೋ ಹಾಗೆ ಮಾತಾಡ್ತಾನೆ. ಕಟ್‌ಸೀನ್ ಮುಗಿದ ಮೇಲೆ ನಾನು ಹತ್ತು ಜನರ ಮೇಲೆ ಗಾಡಿ ಹತ್ತಿಸ್ತೀನಿ. ಇದು ಸರೀನಾ?

ಕಟ್‌ಸೀನ್ ಎಂಬ ಸಿನಿಮಾದಂಥ ಕಥೆಯ ದೃಶ್ಯಕ್ಕೂ ನಾವು ಆಡುವ ಆಟಕ್ಕೂ ನಡುವಿನ ಈ ಬಿರುಕು ಓಪನ್ ವರ್ಲ್ಡ್‌ನ ಹುಟ್ಟುಗುಣ. ಬರಹಗಾರ ಒಬ್ಬ ಮನುಷ್ಯನನ್ನು ಕೊಡುತ್ತಾನೆ, ನಗರ ಅವನ ಕೈಗೆ ಸುತ್ತಿಗೆ ಕೊಡುತ್ತದೆ. ಇದನ್ನು ಸರಿಮಾಡಲು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಹಳೇ ಮಾಫಿಯಾ ಸುಮ್ಮನೆ ಸುತ್ತುವ ಆಟವನ್ನು 'ಫ್ರೀ ರೈಡ್' ಎಂದು ಬೇರೆಯೇ ಇಟ್ಟಿತು. ಕಥೆಯೊಳಗೆ ಟಾಮಿ ಟಾಮಿಯೇ. ಜಿಟಿಎ 5 ಇನ್ನೊಂದು ದಾರಿ ಹಿಡಿಯಿತು. ಆಟಗಾರ ಹೇಗೂ ಹುಚ್ಚಾಟ ಆಡುತ್ತಾನೆ ಎಂದು ಟ್ರೆವರ್ ಎಂಬ ಹುಚ್ಚನನ್ನೇ ಪಾತ್ರ ಮಾಡಿಬಿಟ್ಟಿತು. ಪ್ರಾಮಾಣಿಕ ಪರಿಹಾರ, ಆದರೆ ಅಂಥ ಪಾತ್ರವನ್ನು ಪ್ರತಿ ಗೇಮ್‌ನಲ್ಲೂ ಬಳಸಲಾಗದು.

ನನ್ನ ಸಲಹೆ ಸರಳ. ಜಿಟಿಎ 4ನ್ನು ಒಮ್ಮೆ ನೀಕೋ ಹೇಗೆ ಓಡಿಸುತ್ತಾನೋ ಹಾಗೆ ಓಡಿಸಿ ನೋಡಿ. ಟೋಲ್ ಕಟ್ಟಿ, ಸಿಗ್ನಲ್‌ಗೆ ನಿಲ್ಲಿ, ನೀಕೋನ ಸಂಬಂಧಿ ರೋಮನ್ ಬೌಲಿಂಗ್‌ಗೆ ಕರೆದರೆ ಬೈಕೊಂಡಾದರೂ ಹೋಗಿ. ಊರು ಬಿಟ್ಟು ಬಂದವನ ಒಂಟಿತನ ಆ ಹೊತ್ತಿಗೆ ಗೊತ್ತಾಗುತ್ತದೆ.

ಓಲ್ಡ್ ಕಂಟ್ರಿಯಲ್ಲಿ ಓಪನ್ ವರ್ಲ್ಡ್ ಬಿಟ್ಟೇಬಿಟ್ರಲ್ಲ. ಹಿಂದಕ್ಕೆ ಹೋದ ಹಾಗಲ್ವಾ?

2025ರ 'ಮಾಫಿಯಾ: ದಿ ಓಲ್ಡ್ ಕಂಟ್ರಿ' ನೇರ ಕಥೆಯ ಗೇಮ್. 1900ರ ದಶಕದ ಸಿಸಿಲಿ. ನಾಯಕ ಎಂಜೊ ಗಂಧಕದ ಗಣಿಯಲ್ಲಿ ದುಡಿಯುವ ಕಾರೂಸು, ಅಂದರೆ ಗಣಿ ಹುಡುಗ. ಬಡ ಮನೆಯ ಮಕ್ಕಳನ್ನು ಸಾಲಕ್ಕೆ ಒತ್ತೆಯಿಟ್ಟಂತೆ ಗಣಿಗೆ ಬಿಡುತ್ತಿದ್ದದ್ದು ಅಲ್ಲಿನ ನಿಜ ಇತಿಹಾಸ. ಪಾತ್ರಗಳು ಸಿಸಿಲಿಯನ್ ಭಾಷೆಯಲ್ಲೇ ಮಾತಾಡುವಂತೆ ಇಟ್ಟುಕೊಳ್ಳಬಹುದು, ಹಾಗೇ ಆಡಿ.

ಹಿಂದಕ್ಕೆ ಹೋದದ್ದು ಎಂದು ನನಗನ್ನಿಸುವುದಿಲ್ಲ. ಮಾಫಿಯಾ 3 ನಗರ ತುಂಬಲು ಹೋಗಿ ಸುಸ್ತಾಯಿತು. ಎಲ್ಲಿ ಬೇಕಾದರೂ ಹೋಗಬಹುದಾದ ಮನುಷ್ಯ ಮಾಫಿಯಾದಲ್ಲಿ ಇರುವುದೂ ಇಲ್ಲ. ಅಲ್ಲಿ ಕರೆದಾಗ ಬರಬೇಕು, ಹೇಳಿದ್ದು ಮಾಡಬೇಕು. ಎಂಜೊಗೆ ದಾರಿ ಕಮ್ಮಿ ಇರುವುದು ಕಥೆಗೆ ಸರಿಹೊಂದುತ್ತದೆ. ಕಾದಾಟದಲ್ಲಿ ಪದೇ ಪದೇ ಚಾಕು ಹಿಡಿದು ಒಬ್ಬರಿಗೊಬ್ಬರು ನಿಲ್ಲುವುದು ಮಾತ್ರ ಬೇಗ ಸಪ್ಪೆಯಾಗುತ್ತದೆ.

ಬೆಂಗಳೂರು ಅಂಡರ್‌ವರ್ಲ್ಡ್ ಮೇಲೆ ಇಂಥ ಗೇಮ್ ಯಾಕೆ ಬರಲ್ಲ? ನಮ್ಮಲ್ಲಿ ಕಥೆಗೇನು ಬರವಾ?

ಕಥೆಗೂ ಬರವಿಲ್ಲ, ಕೈಗಳಿಗೂ ಬರವಿಲ್ಲ. 1997ರಲ್ಲಿ ಬೆಂಗಳೂರಿನಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ ಕಂಪನಿಯನ್ನು 2019ರಲ್ಲಿ ಕೊಂಡದ್ದು ಜಿಟಿಎ ಮಾಡುವ ರಾಕ್‌ಸ್ಟಾರ್. ಅವರ ಇಂಡಿಯಾ ಸ್ಟುಡಿಯೋ ಇಲ್ಲೇ ಇದೆ. ಬರ ಇರುವುದು ದುಡ್ಡಿಗೆ. ಒಂದು ನಗರವನ್ನು ಗಲ್ಲಿ ಗಲ್ಲಿಯಾಗಿ ಕಟ್ಟಲು ನೂರಾರು ಜನ ವರ್ಷಗಟ್ಟಲೆ ಕೂರಬೇಕು. ಕನ್ನಡದ ಗೇಮ್‌ಗೆ ಅಷ್ಟು ಹಾಕುವವರು ಸದ್ಯ ಇಲ್ಲ.

ಬಂದರೆ ದೊಡ್ಡ ನಗರ ಬೇಕಿಲ್ಲ, ಯಾಕುಜಾ ತರ ಒಂದು ಪೇಟೆ ಸಾಕು. ಜಯರಾಜ್, ಕೊತ್ವಾಲ್ ಕಾಲದ ಎಂಬತ್ತರ ದಶಕ ಇಟ್ಟುಕೊಂಡರೆ ಮೊಬೈಲ್ ಇಲ್ಲ, ಗನ್ ಅಪರೂಪ, ಲಾಂಗು ಮಚ್ಚಿನ ಜಗಳ. ಪೊಲೀಸ್ ವ್ಯವಸ್ಥೆಯನ್ನು ಮಾತ್ರ ನಕ್ಷತ್ರ ಬಿಟ್ಟು ರೌಡಿ ಶೀಟ್ ಮೇಲೆ ಕಟ್ಟಬೇಕು. ಠಾಣೆಯಲ್ಲಿ ಹೆಸರು ಒಮ್ಮೆ ಏರಿದರೆ ಕಾರಿನ ಬಣ್ಣ ಬದಲಿಸಿದರೆ ಇಳಿಯುವುದಿಲ್ಲ. ಚುನಾವಣೆ ಬಂದರೆ ಪರೇಡ್‌ಗೆ ಹೋಗಿ ನಿಲ್ಲಬೇಕು. ಊರಲ್ಲಿ ಏನಾದರೂ ಆದರೆ ಮೊದಲು ನಿಮ್ಮ ಮನೆ ಬಾಗಿಲು ಬಡಿಯುತ್ತಾರೆ. ಗಡೀಪಾರು ಆದರೆ ಅರ್ಧ ಮ್ಯಾಪ್ ಬಂದ್. 1985ರ ಗೂಂಡಾ ಕಾಯ್ದೆ ಬಿದ್ದರೆ ವಿಚಾರಣೆಯಿಲ್ಲದೆ ಒಳಗೆ. ಆ ಶೀಟ್‌ನಿಂದ ಹೆಸರು ತೆಗೆಸಲು ಒಬ್ಬ ರಾಜಕಾರಣಿಯ ಮನೆ ಮುಂದೆ ಬೆಳಗ್ಗೆಯಿಂದ ಕಾಯುವ ಮಿಷನ್ ಒಂದಿರಬೇಕು. ಸಾಹೇಬರು ಇವತ್ತು ಸಿಗುವುದಿಲ್ಲ, ನಾಳೆ ಬಾ ಎಂದು ಪಿಎ ಹೇಳಬೇಕು. ಸ್ಕಿಪ್ ಬಟನ್ ಕೊಡಬಾರದು.